ಬೋಲ್ಟ್ ನೋಡಿ ಸ್ಲೈಡರ್ ಕೊಳ್ಳಿ

ಫೇರಿಂಗ್ (ಪ್ಲಾಸ್ಟಿಕ್ ಹೊರಮೈ) ಇರುವ ಬೈಕು ಮನೆಗೆ ಬಂದ ವಾರದಲ್ಲೇ ಹುಟ್ಟುವ ಪ್ರಶ್ನೆ: ಫ್ರೇಮ್ ಸ್ಲೈಡರ್ ಹಾಕಿಸಿದರೆ ಬಿದ್ದಾಗ ಬಾಡಿ ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ಬಿದ್ದಾಗಲೆಲ್ಲ ಉಳಿಯುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯವರು ಸ್ಲೈಡರ್ ಎಂದು ತೋರಿಸುವ ಕಪ್ಪು ಗೂಟಗಳಲ್ಲಿ ಕೆಲವು ಗಾಡಿಯನ್ನು ಕಾಯುತ್ತವೆ, ಕೆಲವು ಬರೀ ಅಲಂಕಾರ, ಇನ್ನು ಕೆಲವು ಅಪಾಯ.

ಸೈಡ್ ಸ್ಟ್ಯಾಂಡ್ ಮಣ್ಣಲ್ಲಿ ಹೂತು ಬೀಳುವುದು, ಪಾರ್ಕಿಂಗಿನಲ್ಲಿ ಪಕ್ಕದ ಗಾಡಿ ತಗುಲಿ ಉರುಳುವುದು, ಯು-ಟರ್ನಿನಲ್ಲಿ ಕಾಲು ನಿಲುಕದೆ ವಾಲುವುದು: ಇಂಥ ಕಡೆ ಒಳ್ಳೆಯ ಸ್ಲೈಡರ್ ಹಾಕಿದ ದುಡ್ಡನ್ನು ಒಂದೇ ಏಟಿಗೆ ತೀರಿಸುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಚಕ್ರ ಜಾರಿ ಬೈಕು ಮೆಲ್ಲಗೆ ಮಲಗಿದರೂ ಅಷ್ಟೆ. ಸ್ಲೈಡರಿನ ನೈಲಾನ್ ಅಥವಾ ಡೆಲ್ರಿನ್ ಪ್ಲಾಸ್ಟಿಕ್ಕಿನ ತುದಿ ಡಾಂಬರಿಗೆ ತಿಕ್ಕಿ ಸವೆಯುತ್ತ ಜಾರುತ್ತದೆ, ಫೇರಿಂಗ್ ನೆಲ ಮುಟ್ಟುವುದಿಲ್ಲ.

ಜಾರಲು ಜಾಗ ಇಲ್ಲದಾಗ ಕತೆ ಬೇರೆ. ಮೋರಿಯ ಕಟ್ಟೆಯೋ ಹಸಿ ಮಣ್ಣೋ ಸಿಕ್ಕರೆ ಹೊರಚಾಚಿದ ಗೂಟ ಅಲ್ಲೇ ಕಚ್ಚಿಕೊಂಡು ಗಾಡಿಯನ್ನು ಮಗುಚಬಹುದು. ಆಗ ಎರಡು ಮಗ್ಗುಲೂ ಹಾಳು.

ಎಲ್ಲಕ್ಕಿಂತ ಮುಖ್ಯ ಒಳಗಿನ ಬೋಲ್ಟು. ಎಷ್ಟೋ ಸ್ಲೈಡರ್‌ಗಳನ್ನು ಕೂರಿಸುವಾಗ ಎಂಜಿನ್ನನ್ನು ಫ್ರೇಮಿಗೆ ಬಿಗಿದ ಮೂಲ ಬೋಲ್ಟು ಬಿಚ್ಚಿ ಉದ್ದದ್ದೊಂದನ್ನು ಹಾಕುತ್ತಾರೆ. ಗೂಟದ ಉದ್ದ ಇಮ್ಮಡಿಯಾದರೆ, ಅದೇ ಏಟಿಗೆ ಬುಡವನ್ನು ಬಗ್ಗಿಸುವ ಒತ್ತಡವೂ ಇಮ್ಮಡಿ. ಒಂದೇ ದರ್ಜೆಯ ಉಕ್ಕಾದರೆ 8 ಮಿ.ಮೀ. ಬೋಲ್ಟಿಗಿಂತ 10 ಮಿ.ಮೀ.ನದು ಸುಮಾರು ಎರಡು ಪಟ್ಟು ತಡೆದುಕೊಳ್ಳುತ್ತದೆ. ಬೋಲ್ಟಿನ ತಲೆ ನೋಡಿ: 8.8 ಅಥವಾ 10.9 ಎಂಬ ಅಚ್ಚು ಇರಬೇಕು. ಎರಡರಲ್ಲಿ 10.9 ಗಟ್ಟಿ. ಅಂಕಿಯೇ ಇಲ್ಲದ್ದನ್ನು ಎಂಜಿನ್ ಹೊರುವ ಜಾಗಕ್ಕೆ ಹಾಕಿಸಲೇಬೇಡಿ. ಬಿದ್ದಾಗ ಬೋಲ್ಟು ಬಾಗಿದರೆ ಪುಣ್ಯ. ಅಲ್ಯೂಮಿನಿಯಂ ಕೇಸಿಂಗಿನ ಕಿವಿ ಬಿರಿದರೆ ಫೇರಿಂಗಿನ ಗೀರು ಉಳಿಸಲು ಹೋಗಿ ಎಂಜಿನ್ನಿಗೇ ಕೈ ಇಟ್ಟಂತಾಯಿತು. ಹಾಗಾಗಿ ಎರಡು ಕಡೆ ಬಿಗಿಯುವ, ದಪ್ಪ ಪಟ್ಟಿಯ ಸ್ಲೈಡರನ್ನೇ ನಾನು ಹೇಳುವುದು.

ಕೊಳ್ಳುವ ಮುನ್ನ ಒಂದು ನೇರ ಕೋಲು ಹಿಡಿದು ಹ್ಯಾಂಡಲ್ ತುದಿಯಿಂದ ಫುಟ್‌ರೆಸ್ಟ್ ತುದಿಗೆ ಒರಗಿಸಿ ನೋಡಿ. ನಡುವೆ ಫೇರಿಂಗ್ ಕೋಲಿಗೆ ತಾಗುತ್ತದೆಯೇ? ಹಾಗಾದರೆ ಸ್ಲೈಡರ್ ಅದನ್ನೂ ಮೀರಿ ಹೊರಬರಬೇಕು, ಬೆರಳಿನಷ್ಟು ಸಾಕು. ಕ್ಲಚ್ ಲಿವರ್, ಕನ್ನಡಿ, ಸೈಲೆನ್ಸರ್ ಇವನ್ನು ಯಾವ ಸ್ಲೈಡರೂ ಪೂರ್ತಿ ಕಾಯುವುದಿಲ್ಲ. 199 ಕಿಲೋ ತೂಗುವ ಹಿಮಾಲಯನ್ 411ರಂಥ ಗಾಡಿಯನ್ನು ಕಲ್ಲುದಾರಿಗೆ ಒಯ್ಯುವವರಿಗೆ ಗೂಟ ಸಾಲದು, ನಾಲ್ಕಾರು ಕಡೆ ಹಿಡಿದು ನಿಲ್ಲುವ ಕೊಳವೆಯ ಕ್ರ್ಯಾಶ್ ಗಾರ್ಡ್ ಬೇಕು.

ಬಾಡಿಗಿಂತ ಮೊದಲು ಎಂಜಿನ್ ಕಾಯಬೇಕು ಎನ್ನಲು ವಿಶ್ವ ಸೂಪರ್‌ಬೈಕ್ ಸ್ಪರ್ಧೆಯ ನಿಯಮ ಗಮನಿಸಿ. ಎಣ್ಣೆ ತುಂಬಿದ ಎಂಜಿನ್ ಪಕ್ಕದ ಮುಚ್ಚಳ ಬಿದ್ದಾಗ ನೆಲಕ್ಕೆ ತಾಗುವಂತಿದ್ದರೆ ಅದರ ಮೇಲೆ ಇನ್ನೊಂದು ಗಟ್ಟಿ ಕವಚ ಇರಲೇಬೇಕು. ಎಣ್ಣೆ ಚೆಲ್ಲಿದರೆ ಹಿಂದೆ ಬರುವವರೂ ಜಾರುತ್ತಾರೆ. ನಮ್ಮ ರಸ್ತೆಗೂ ಈ ಮಾತು ಸಲ್ಲುತ್ತದೆ. ದುಡ್ಡು ಒಂದಕ್ಕೇ ಇದ್ದರೆ ನಾನು ಎಂಜಿನ್ ಕವಚಕ್ಕೆ ಹಾಕುತ್ತೇನೆ, ಬಣ್ಣಕ್ಕೆ ಆಮೇಲೆ.

ಇನ್ನೊಂದು ಮಾತು. ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಸ್ಲೈಡರ್ ಹೊರಗೆ ಚೆನ್ನಾಗಿ ಕಂಡರೂ ಬೋಲ್ಟ್ ಬಿಚ್ಚಿಸಿ, ಗಾಜಿನ ಮೇಲೆ ಉರುಳಿಸಿ ನೋಡಿ. ತುಸು ಓಲಾಡಿದರೂ ಹೊಸದು ಹಾಕಿಸಿ.