ಷಾ ಮಹಾಶಯನ ಪೀಠಿಕೆಯೂ ಶಸ್ತ್ರವೈದ್ಯರ ಸಂಭಾವನೆಯೂ

ಬರ್ನಾರ್ಡ್ ಷಾ 1906ರಲ್ಲಿ ರಂಗಕ್ಕೆ ತಂದ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕಕ್ಕೆ 1911ರಲ್ಲಿ ಜೋಡಿಸಿದ ಪೀಠಿಕೆಯ ವಾದವು ಸುಪ್ರಸಿದ್ಧವಾದುದು. ಕಾಲು ಕತ್ತರಿಸಿದುದಕ್ಕೆ ಹಣ ತೆರುವ ಸಮಾಜವು, ಕತ್ತರಿಸಬೇಕೆ ಬೇಡವೆ ಎಂಬ ತೀರ್ಪನ್ನೂ ಶಸ್ತ್ರವೈದ್ಯನಿಗೇ ಒಪ್ಪಿಸಿದೆಯೆಂದು ಅವನ ಆಕ್ಷೇಪ. ವ್ಯಂಗ್ಯವು ತೀಕ್ಷ್ಣವಾಗಿದೆ, ತರ್ಕವು ಅಷ್ಟು ಪೂರ್ಣವಾಗಿಲ್ಲ. ದರವು ಏರಿದರೆ ಶಸ್ತ್ರಕ್ರಿಯೆ ಹೆಚ್ಚುವುದು, ಇಳಿದರೆ ತಗ್ಗುವುದು ಎಂದು ಓದುಗನು ಅದರಿಂದ ಊಹಿಸುವನಷ್ಟೆ. ಆದರೆ ಅಮೆರಿಕದ ಮೆಡಿಕೇರ್ ದರಗಳ ಇಳಿತವನ್ನು ಕುರಿತು ವಿನ್ನಿ ಯಿಪ್ ಎಂಬ ವಿದುಷಿ 1998ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆದಾಯವು ಹೆಚ್ಚು ಕುಗ್ಗಿದ ಶಸ್ತ್ರವೈದ್ಯರೇ ಹೆಚ್ಚು ಬೈಪಾಸ್ ಶಸ್ತ್ರಕ್ರಿಯೆಗಳನ್ನು ನಡೆಸಿದುದು ಕಂಡುಬಂದಿತು. ಕೂಲಿ ತಗ್ಗಿದಾಗ ಮಗ್ಗವನ್ನು ಹೆಚ್ಚು ಹೊತ್ತು ಆಡಿಸುವ ನೇಕಾರನಿಗೆ ಇದು ಹೊಸ ಮಾತಲ್ಲ.

ನಮ್ಮ ನಾಡಿನ ನಿದರ್ಶನವು ಬೇರೆಯೇ ಬಗೆಯದು. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಒಂದೊಂದು ಚಿಕಿತ್ಸೆಗೂ ಗೊತ್ತುಮಾಡಿದ ಮೊತ್ತವನ್ನು ಕೊಟ್ಟುದು ಆಸ್ಪತ್ರೆಗೆ, ಶಸ್ತ್ರವೈದ್ಯನ ಕೈಗಲ್ಲ. ಉನ್ನತ ಚಿಕಿತ್ಸೆಯ ಬಳಕೆ ಹೆಚ್ಚಿತು, ದಿಟ. ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಯೋಜನೆಗೆ ಒಳಪಟ್ಟ ರೋಗಗಳಿಂದ ಬಡಕುಟುಂಬಗಳಲ್ಲಿ ಉಂಟಾದ ಮರಣವು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡಾ 0.32, ಇಲ್ಲದ ಹಳ್ಳಿಗಳಲ್ಲಿ 0.90. ಈ ಹೆಚ್ಚಳವನ್ನು ಲೋಭವೆಂದು ಓದಲಾಗದು. ನ್ಯೂಯಾರ್ಕಿನ ಹೆಚ್ಚಳವನ್ನು ದಕ್ಷತೆಯೆಂದೂ ಓದಲಾಗದು. ಎರಡನ್ನೂ ‘ಉತ್ಪಾದಕತೆ’ ಎಂಬ ಒಂದೇ ಪದದಿಂದ ಕರೆಯುವುದು ಶಬ್ದದೋಷವೇ ಸರಿ.

ತೀರ್ಪು ಯಾರದೆಂಬ ಷಾನ ಪ್ರಶ್ನೆ ಮಾತ್ರ ಇಲ್ಲಿಯೂ ನಿಲ್ಲುವುದು. ಅದಕ್ಕಾಗಿಯೇ ಆರೋಗ್ಯಶ್ರೀಯಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅನುಮತಿಯನ್ನು ಪಡೆಯಬೇಕಾಗಿತ್ತು.