ಗಟ್ಟಿಯಿದ್ದೂ ಸಾಲದೆ ಹೋದ ಸೇತುವೆ

ನಾಟಕ ನೋಡಿ ಬಂದರೆ ನಾವು ಅದರ ಗುಣದೋಷಗಳನ್ನು ಎಣಿಸುತ್ತೇವೆ. ಕೋಟಿಗಟ್ಟಲೆ ಖರ್ಚಿನ ಸೇತುವೆಯ ಮೇಲೆ ಮಾತ್ರ ತುಟಿಪಿಟಕ್ಕೆನ್ನದೆ ಹಾದುಹೋಗುತ್ತೇವೆ. ಪುಣೆಯ ಚಾಂದನಿ ಚೌಕವು ಹಾಗೆ ಬಿಟ್ಟುಬಿಡತಕ್ಕ ವಿಷಯವಲ್ಲ. ಹಿಂಜವಾಡಿ, ವಾಕಡಗಳ ನಮ್ಮವರು ಹೆದ್ದಾರಿ ಹಿಡಿದು ಬೆಳಗಾವಿ, ಹುಬ್ಬಳ್ಳಿಗಳಿಗೆ ಹೊರಟರೆ ದಾಟಬೇಕಾದದ್ದು ಇದನ್ನೇ.

ಮುಂಬಯಿ–ಬೆಂಗಳೂರು ಹೆದ್ದಾರಿಯ ಮೇಲೆ ಅಡ್ಡಲಾಗಿದ್ದ ಇಲ್ಲಿಯ ಹಳೆಯ ಸೇತುವೆಯನ್ನು 2022ರ ಅಕ್ಟೋಬರ್ 2ರ ನಡುರಾತ್ರಿ ಸುಮಾರು 600 ಕಿಲೋ ಸ್ಫೋಟಕವಿಟ್ಟು ಒಡೆದರು. ಅದು ಪೂರ್ತಿ ಬೀಳಲಿಲ್ಲ! ಸ್ಫೋಟಕ್ಕೆ ಕಾಂಕ್ರೀಟು ಪುಡಿಯಾಗುತ್ತದೆ. ಉಕ್ಕಿನ ಸರಳು ಬಾಗೀತೇ ಹೊರತು ಸುಲಭವಾಗಿ ತುಂಡಾಗದು. ಎಣಿಸಿದ್ದಕ್ಕಿಂತ ಹೆಚ್ಚು ಸರಳುಗಳು ಒಳಗಿದ್ದವು. ಉಳಿದುದನ್ನು ಯಂತ್ರಗಳಿಂದ ಕೆಡವಬೇಕಾಯಿತು. ಅಂದರೆ ಸೇತುವೆಗೆ ಬಲದ ಕೊರತೆ ಇರಲಿಲ್ಲ. ಕೆಳಗಿನ ಹೆದ್ದಾರಿ ಅಗಲವಾಗಲು ಎಡೆಯಿರಲಿಲ್ಲ, ಅಷ್ಟೆ.

ಮಹಾಡದ ಬಳಿ ಸಾವಿತ್ರಿ ನದಿಯ ಸೇತುವೆಯ ಕಥೆ ಬೇರೆ. ಬ್ರಿಟಿಷರ ಕಾಲದ ಆ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಕುಸಿದು, ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು. ಅದು ಮುದಿ ಸೇತುವೆ. ಆದರೆ ಪುಣೆ ವಿದ್ಯಾಪೀಠ ಚೌಕದ ಮೇಲ್ಸೇತುವೆ? ಹುಟ್ಟಿ ಒಂದೂವರೆ ದಶಕವೂ ಆಗಿರಲಿಲ್ಲ. ಹಿಂಜವಾಡಿ–ಶಿವಾಜಿನಗರ ಮೆಟ್ರೋಗೆ ಅಡ್ಡವಾಯಿತೆಂದು 2020ರಲ್ಲಿ ಕೆಡವಿದರು. ಅದರ ಜಾಗದಲ್ಲಿ ಕೆಳಗೆ ರಸ್ತೆ, ನಡುವೆ ಮೇಲ್ಸೇತುವೆ, ಮೇಲೆ ರೈಲು ಎಂಬ ಅಂತಸ್ತಿನ ರಚನೆ ಬಂತು. ಈ ವಿವೇಕ ಮೊದಲೇ ಬಂದಿದ್ದರೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಂಸಾರಕ್ಕೆ ಸರಿ, ಸೇತುವೆಗೆ ಅಲ್ಲ. ಇಲ್ಲಿ ಮುಂದೆ ಬೆಳೆಯಲಿರುವ ಕಾಲನ್ನು ಅಳೆದು ಹಾಸಿಗೆ ಹೊಲಿಸಬೇಕು.

2023ರ ಆಗಸ್ಟ್ 12ರಂದು ತೆರೆದ ಚಾಂದನಿ ಚೌಕದ ಹೊಸ ರಚನೆ ಈ ಪರೀಕ್ಷೆಯಲ್ಲಿ ಅರ್ಧ ಉತ್ತೀರ್ಣ. ಕೋಥರೂಡ, ಬಾವಧನ, ಪಾಷಾಣಗಳ ವಾಹನಗಳಿಗೆ ಬೇರೆಬೇರೆ ದಾರಿ ಮಾಡಿಕೊಟ್ಟದ್ದು ಮೆಚ್ಚತಕ್ಕದ್ದೇ. ಆದರೆ ತೆರೆದ ದಿನ ಕಾಲ್ನಡಿಗೆಯವರು ಹೆದ್ದಾರಿ ದಾಟಲು ಪ್ರತ್ಯೇಕ ಸೇತುವೆಯೇ ಇರಲಿಲ್ಲ. ಬಸ್ಸಿಗಾಗಿ ಚೀಲ ಹೊತ್ತು ನಿಲ್ಲುವ ಮುದುಕರು, ಕಂಕುಳಲ್ಲಿ ಕೂಸಿದ್ದ ತಾಯಂದಿರು ಧಾವಿಸುವ ಲಾರಿಗಳ ನಡುವೆ ಓಡಬೇಕಾಯಿತು. ಪಾದಚಾರಿ ಸೇತುವೆಯ ಮಾತು ಬಂದದ್ದು ಆಮೇಲೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ವಾಹನಗಳನ್ನು ಎಣಿಸಲು ಜನರನ್ನು ನೇಮಿಸುತ್ತಾರೆ. ರಸ್ತೆ ದಾಟುವ ಕಾಲುಗಳನ್ನು ಎಣಿಸಿದರೆಷ್ಟು ಖರ್ಚು? ನಕಾಶೆಗೆ ರುಜು ಬೀಳುವ ಮುನ್ನ ಕೇಳಬೇಕಾದವು ಎರಡೇ ಪ್ರಶ್ನೆ: ಮೂವತ್ತು ವರ್ಷದ ನಂತರ ಇದರ ಕೆಳಗೆ ಏನು ಹಾಯಬೇಕಾದೀತು? ವಾಹನವಿಲ್ಲದವನು ಇದನ್ನು ಹೇಗೆ ದಾಟಿಯಾನು? ಎರಡನೆಯದಕ್ಕೆ ಉತ್ತರವಿಲ್ಲದ ಸೇತುವೆ ಎಷ್ಟೇ ಗಟ್ಟಿಯಿರಲಿ, ಅರೆಬರೆಯೇ ಸರಿ.