ದಾದ್ ಇರಲಿ, ಇಸ್ಲಾಹೂ ಇರಲಿ

2021ರ ಇಂಡಿಯನ್ ಐಡಲ್ ನೀವೂ ನೋಡಿರಬಹುದು. ಆಗಸ್ಟ್ 15ರ ಫಿನಾಲೆ ಹನ್ನೆರಡು ಗಂಟೆ! ಆರು ಜನರಲ್ಲಿ ಪವನ್‌ದೀಪ್ ಗೆದ್ದರು. ಮುಜಫ್ಫರ್‌ನಗರದ ದಾನಿಶ್ ನಾಲ್ಕನೆಯವರು, ನಮ್ಮ ಮೂಡುಬಿದಿರೆ ಕಡೆಯ ನಿಹಾಲ್ ತಾವ್ರೋ ಐದನೆಯವರು. ‘ನಮ್ಮವರು’ ಹಿಂದೆ ಬಿದ್ದರಲ್ಲಾ ಅಂತ ನನಗೂ ಬೇಜಾರಾಯ್ತು.

ಆದರೆ ನನ್ನ ತಕರಾರು ಬೇರೆ. ಕಿಶೋರ್ ಕುಮಾರ್ ಹಾಡುಗಳ ಸಂಚಿಕೆಗೆ ಅತಿಥಿಯಾಗಿ ಬಂದಿದ್ದ ಅವರ ಮಗ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳುವಂತೆ ತಮಗೆ ಹೇಳಿದ್ದರು ಅಂತ ಆಮೇಲೆ ತಿಳಿಸಿದರು. ನಾವು ಪರ-ವಿರೋಧ ಜಗಳ ಆಡಿದೆವು. ನಷ್ಟ ಆದದ್ದು ಮಾತ್ರ ಹಾಡಿದವರಿಗೆ.

ಉರ್ದುವಿನಲ್ಲಿ ದಾದ್ ಅಂದರೆ ಮೆಚ್ಚುಗೆ, ಇಸ್ಲಾಹ್ ಅಂದರೆ ಉಸ್ತಾದರ ತಿದ್ದುಪಡಿ. ಎಲ್ಲ ಪೇಪರಿಗೂ ನಾನು ಫುಲ್ ಮಾರ್ಕ್ಸ್ ಕೊಟ್ಟರೆ ಮಗು ಕಲಿಯೋದು ಹೇಗೆ? ನಿಮ್ಮ ಮೆಚ್ಚಿನ ಗಾಯಕರಿಗೆ ‘ವಾಹ್’ ಅನ್ನಿ. ಎಲ್ಲಿ ಶ್ರುತಿ ತಪ್ಪಿತು ಅನ್ನೋದನ್ನೂ ಹೇಳಿ.